ಧ್ವನಿಮುದ್ರಿಕೆಗೆ ತಕ್ಕ ವಾಲ್ವ್ ವರ್ಧಕ

ಮನೆಯಲ್ಲಿ ಧ್ವನಿಮುದ್ರಿಕೆಗಳನ್ನು ಕೇಳಲು ವಾಲ್ವ್ ವರ್ಧಕವೊಂದನ್ನು ಕೊಳ್ಳಹೊರಟವರು ಮೊದಲು ವಿಚಾರಿಸುವುದು ಅದು ಎಷ್ಟು ವಾಟ್‌ನದು ಎಂಬುದನ್ನು. ಇದು ಎರಡನೆಯ ಪ್ರಶ್ನೆಯಾಗಬೇಕು. ಮುದ್ರಿಕೆಯ ಗೆರೆಯಲ್ಲಿ ಚಲಿಸುವ ಸೂಜಿಯಿಂದ ಹುಟ್ಟುವ ವಿದ್ಯುತ್ತು ಅತ್ಯಲ್ಪವಾದುದು. ಚಲಿಸುವ ಅಯಸ್ಕಾಂತವುಳ್ಳ ಪಿಕಪ್ಪಿನಲ್ಲಿ ಅದು ಸುಮಾರು 3ರಿಂದ 5 ಮಿಲಿವೋಲ್ಟ್. ಚಲಿಸುವ ಸುರುಳಿಯುಳ್ಳದರಲ್ಲಿ ಅನೇಕ ವೇಳೆ ಅರ್ಧ ಮಿಲಿವೋಲ್ಟಿಗಿಂತಲೂ ಕಡಮೆ. ವರ್ಧಕಕ್ಕಾದರೋ ಕೆಲವು ನೂರು ಮಿಲಿವೋಲ್ಟ್ ಬೇಕು. ಆದುದರಿಂದ ಮೊದಲನೆಯ ಬಗೆಗೆ ಸುಮಾರು 100 ಮಡಿ, ಎರಡನೆಯದಕ್ಕೆ ಸುಮಾರು 1000 ಮಡಿ ವರ್ಧನೆ ಮುಂಚಿತವಾಗಿಯೇ ನಡೆಯಬೇಕು.

ವರ್ಧನೆಯೊಂದೇ ಸಾಲದು. ಮುದ್ರಿಸುವಾಗ ಮಂದ್ರಸ್ವರಗಳನ್ನು ಕುಗ್ಗಿಸಿ ತಾರಸ್ವರಗಳನ್ನು ಹಿಗ್ಗಿಸಿರುತ್ತಾರೆ. ಹಾಗೆ ಮಾಡದಿದ್ದರೆ ಮಂದ್ರದ ತೂಗಾಟದಿಂದ ಒಂದು ಗೆರೆ ನೆರೆಯ ಗೆರೆಯನ್ನು ಮುಟ್ಟೀತು; ತಾರದ ಸೂಕ್ಷ್ಮಗಳು ಸೂಜಿಯ ಸರಸರ ಸದ್ದಿನಲ್ಲಿ ಮುಳುಗಿಹೋದಾವು. ಕೇಳುವಾಗ ಇದನ್ನು ತಿರುಗುಮುರುಗು ಮಾಡಬೇಕು. 1954ರಲ್ಲಿ ಅಮೆರಿಕದ ಧ್ವನಿಮುದ್ರಣೋದ್ಯಮದ ಸಂಘವು ಗೊತ್ತುಮಾಡಿದ ಕ್ರಮದಂತೆ, ಸೆಕೆಂಡಿಗೆ 1000 ಕಂಪನಗಳ ಸ್ವರಕ್ಕೆ ಹೋಲಿಸಿ, 20 ಕಂಪನಗಳದನ್ನು ಸುಮಾರು 19 ಡೆಸಿಬೆಲ್ ಏರಿಸಿ, 20,000ದ್ದನ್ನು ಸುಮಾರು 20 ಡೆಸಿಬೆಲ್ ಇಳಿಸಬೇಕು. ಈ ಭಾಗಕ್ಕೆ ಫೋನೊ ಹಂತವೆಂದು ಹೆಸರು. ಇದಿಲ್ಲದ ಸಂಯುಕ್ತ ವರ್ಧಕಗಳು ಪೇಟೆಯಲ್ಲಿ ಹೇರಳವಾಗಿವೆ. ಅರಿಯದೆ ಕೊಂಡವನು ಇನ್ನೊಂದು ಪೆಟ್ಟಿಗೆಗೆ ಹಣ ತೆರಬೇಕಾಗುತ್ತದೆ. ಇದ್ದರೂ ಅದು ಮೌನವಾಗಿರಬೇಕು. ಮಂದ್ರವನ್ನು ಏರಿಸುವಾಗ ಮನೆಯ ವಿದ್ಯುತ್ತಿನ 50 ಕಂಪನಗಳ ಗುಂಯ್‌ಕಾರವೂ ಸುಮಾರು 17 ಡೆಸಿಬೆಲ್ ಏರುವುದಷ್ಟೆ. ಸೂಜಿಯನ್ನು ಮೇಲೆತ್ತಿಟ್ಟು, ಧ್ವನಿಯ ಗುಂಡಿಯನ್ನು ವಾಡಿಕೆಯ ಮಟ್ಟಕ್ಕೆ ತಿರುಗಿಸಿ, ಕುಳಿತಲ್ಲಿಂದಲೇ ಆಲಿಸಿರಿ. ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ನನಗೆ ಇದರಲ್ಲಿಯೇ ಹೆಚ್ಚು ವಿಶ್ವಾಸ. (ಹಳೆಯ ಮನೆಗಳ 78 ಸುತ್ತಿನ ಮುದ್ರಿಕೆಗಳಿಗೆ ಮೇಲಿನ ಕ್ರಮ ಸರಿಹೊಂದದು, ಆ ಕಾಲದಲ್ಲಿ ಕಂಪನಿಗೊಂದು ಪದ್ಧತಿ. ಅವಕ್ಕೆ ಅಗಲವಾದ ಸೂಜಿಯೂ ಬೇಕು.)

ಇನ್ನು ವಾಟ್‌ಗಳ ವಿಚಾರ. 10 ವಾಟ್‌ನಿಂದ 50 ವಾಟ್‌ಗೆ ಏರಿದರೆ ದೊರೆಯುವುದು 7 ಡೆಸಿಬೆಲ್ ಮಾತ್ರ. ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಕೊಡುವ ಧ್ವನಿವರ್ಧಕ ಪೆಟ್ಟಿಗೆಯ ಬದಲು 93 ಕೊಡುವುದನ್ನು ಆರಿಸಿದರೆ, ವರ್ಧಕದ ಸಾಮರ್ಥ್ಯವನ್ನು ಮೂರು ಮಡಿಗಿಂತ ಹೆಚ್ಚಿಸಿದಂತಾಯಿತು. ಸಾಧಾರಣ ಕೋಣೆಗೆ ಜೋಡಿ ಇಎಲ್84 ವಾಲ್ವ್‌ಗಳಿಂದ ಬರುವ 10–15 ವಾಟ್ ಸಾಕೆಂದು ನನ್ನ ಅಭಿಪ್ರಾಯ.

ಬೆಲೆಯ ಬಹುಭಾಗ ಸಲ್ಲಬೇಕಾದುದು ಹೊರಗಡೆಯ ಟ್ರಾನ್ಸ್‌ಫಾರ್ಮರಿಗೆ. ಆ ಜೋಡಿ ವಾಲ್ವ್‌ಗಳು ಅಪೇಕ್ಷಿಸುವ ಹೊರೆ ಸುಮಾರು 8000 ಓಮ್. ಧ್ವನಿಪೆಟ್ಟಿಗೆಯದು 8 ಓಮ್. ಪ್ರತಿರೋಧಗಳ ಪ್ರಮಾಣ 1000ಕ್ಕೆ 1 ಆದುದರಿಂದ ಸುತ್ತುಗಳ ಪ್ರಮಾಣ ಅದರ ವರ್ಗಮೂಲ, ಎಂದರೆ ಸುಮಾರು 32ಕ್ಕೆ 1. ಇಷ್ಟು ಸುತ್ತುಗಳಿಂದ ಮಂದ್ರವನ್ನೂ ತಾರವನ್ನೂ ಕೆಡಿಸದೆ ದಾಟಿಸಲು ಒಳ್ಳೆಯ ಕಬ್ಬಿಣವೂ ನುರಿತ ಕೈಯೂ ಬೇಕು. ಸಮಾನ ವಾಟ್‌ನ ಎರಡು ವರ್ಧಕಗಳಲ್ಲಿ ತೀರ ಹಗುರವಾದುದನ್ನು ಶಂಕಿಸುವುದು ಮೂಢತನವಲ್ಲ.

ಧ್ವನಿಪೆಟ್ಟಿಗೆಯನ್ನು ಜೋಡಿಸದೆ ವರ್ಧಕವನ್ನು ನಡೆಸಕೂಡದು; ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಮಿತಿಮೀರಿ ಅದು ಕೆಡಬಹುದು. ಒಳಗೆ 300 ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ತಿರುತ್ತದೆ. ಸ್ವಿಚ್ ಆರಿಸಿದ ಮೇಲೂ ಅದು ಕೆಪಾಸಿಟರುಗಳಲ್ಲಿ ಕೆಲಹೊತ್ತು ನಿಂತಿರುವುದರಿಂದ, ತಳದ ಮುಚ್ಚಳವನ್ನು ವಿದ್ಯಾರ್ಥಿಗಳು ತಾವಾಗಿ ತೆರೆಯಬಾರದು.