ಧ್ವನಿವರ್ಧಕದ ಕರಕರ ಸದ್ದು

ಕುಂದಾಪುರದ ಕೋಡಿಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಪಂಚಗಂಗಾವಳಿಯ ಅಳಿವೆ. ಅಲ್ಲಿನ ಉಪ್ಪುಗಾಳಿಗೆ ಲೋಹ ಬಹುಬೇಗ ಕಿಲುಬುಹಿಡಿಯುತ್ತದೆ. ಬಯಲಾಟದ ಭಾಗವತಿಕೆಯನ್ನೂ ಮನೆಯ ಗಿಟಾರಿನ ನಾದವನ್ನೂ ಕೆಡಿಸುವ ಕರಕರ ಸದ್ದಿಗೆ ಎಷ್ಟೋ ವೇಳೆ ಈ ಕಿಲುಬೇ ಮೂಲ.

ಆದುದರಿಂದ ಹಳೆಯ ಆಂಪ್ಲಿಫೈಯರನ್ನು ಗುಜರಿಗೆ ಹಾಕುವ ಮುನ್ನ ಅದಕ್ಕೆ ಕಿವಿಗೊಡಬೇಕು. ಗುಂಡಿ ತಿರುವಿದಾಗ ಮಾತ್ರ ಸದ್ದೆದ್ದರೆ, ಅದರೊಳಗಿನ ಇಂಗಾಲದ ಪಟ್ಟಿಯ ಮೇಲೆ ಕೊಳೆ ಕುಳಿತಿದೆ. ಯಂತ್ರವನ್ನು ಆರಿಸಿ, ಗುಂಡಿಯನ್ನು ತುದಿಯಿಂದ ತುದಿಗೆ ಹತ್ತಾರು ಸಲ ತಿರುಗಿಸಿದರೆ ತಿಳಿಯಾದೀತು. ತಂತಿ ಅಲುಗಿದಾಗ ಎದ್ದರೆ, ತುದಿಯ ಬೆಸುಗೆ ಸಡಿಲಿದೆ. ವಾದ್ಯವನ್ನು ಕಳಚಿ ಧ್ವನಿಯನ್ನು ಪೂರ್ತಿ ತಗ್ಗಿಸಿದರೂ ನಿಲ್ಲದಿದ್ದರೆ, ದೋಷ ಯಂತ್ರದ ಒಡಲಲ್ಲಿದೆ.

ಅಲ್ಲಿ ನೀವು ಕೈಯಿಡಬಾರದು. ವಾಲ್ವ್ ಯಂತ್ರದ ಕೆಪಾಸಿಟರಿನಲ್ಲಿ, ಪ್ಲಗ್ ಕಿತ್ತ ಮೇಲೂ, ಪ್ರಾಣ ತೆಗೆಯಬಲ್ಲ 300 ವೋಲ್ಟಿಗೂ ಮಿಕ್ಕ ವಿದ್ಯುತ್ತು ಉಳಿದಿರಬಹುದು. ಸದ್ದು ಯಾವಾಗ ಏಳುತ್ತದೆಂದು ಬಲ್ಲವರಿಗೆ ಸರಿಯಾಗಿ ಹೇಳಿದರೆ ಅರ್ಧ ರಿಪೇರಿ ಮುಗಿದಂತೆ.