ವರ್ಮಾಂಟಿನ ಹಳ್ಳಿಗಳಲ್ಲಿ ಶಾಲೆಯ ಆಡಳಿತ

ಜಿಲ್ಲೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿಗೆ ಬರುವುದು ಡೆಪ್ಯುಟಿ ಕಮಿಷನರ ಕಚೇರಿ, ಹಲವು ತಾಲ್ಲೂಕುಗಳು, ಲಕ್ಷಾಂತರ ಜನ. ಅಮೆರಿಕದವರು ಶಾಲಾಜಿಲ್ಲೆ ಎಂದು ಹೇಳುವಾಗ ಅವರ ಮನಸ್ಸಿನಲ್ಲಿರುವುದು ಬೇರೆ. ಅದು ದೊಡ್ಡ ಪಟ್ಟಣವೊಂದರಷ್ಟು ವಿಸ್ತಾರವಾಗಿರಬಹುದು. ಅಥವಾ ಕೆಲವು ನೂರು ಜನರಿರುವ ಒಂದೇ ಊರಾಗಿ, ಅದರಲ್ಲಿ ಒಂದೇ ಶಾಲೆಯೂ ಇರಬಹುದು. ಆದರೆ ಎಷ್ಟೇ ಚಿಕ್ಕದಾದರೂ ಅದು ಒಂದು ಸಣ್ಣ ಸರ್ಕಾರವೇ ಸರಿ. ಶಾಲೆ ನಡೆಸುವುದೊಂದೇ ಅದರ ಕೆಲಸ. ಅದಕ್ಕೆ ತನ್ನದೇ ಆದ ಚುನಾಯಿತ ಮಂಡಲಿಯೂ ತನ್ನದೇ ಆದ ಆಯವ್ಯಯವೂ ಉಂಟು. ಇಂತಹ ಸಣ್ಣ ಸರ್ಕಾರ ನಡೆಯುವ ಬಗೆಯನ್ನೂ, ಅದು ಎದುರಿಸುತ್ತಿರುವ ಕಷ್ಟವನ್ನೂ ವಿವರಿಸುವುದು ಈ ಭಾಷಣದ ಉದ್ದೇಶ.

ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗ ವಿಧಾನದಲ್ಲಿ ವಿದ್ಯಾಭ್ಯಾಸವೆಂಬ ಮಾತೇ ಇಲ್ಲ. ಆ ಹೊಣೆ ಒಂದೊಂದು ಸಂಸ್ಥಾನಕ್ಕೂ ಸೇರಿದ್ದು. ಸಂಸ್ಥಾನಗಳು ಅದರಲ್ಲಿ ಬಹುಭಾಗವನ್ನು ಶಾಲಾಜಿಲ್ಲೆಗಳಿಗೆ ವಹಿಸಿಕೊಟ್ಟಿವೆ. ೧೯೪೦ರ ಸುಮಾರಿನಲ್ಲಿ ಆ ದೇಶದಲ್ಲಿ ೧,೧೭,೦೦೦ದಷ್ಟು ಶಾಲಾಜಿಲ್ಲೆಗಳಿದ್ದುವು. ಒಂದರೊಡನೊಂದು ಸೇರಿ ಸೇರಿ ಅವು ಈಗ ಸುಮಾರು ೧೩,೦೦೦ಕ್ಕೆ ಇಳಿದಿವೆ. ಈ ಅಂಕಿಗಳ ಹಿಂದೆ ಇರುವ ಕಥೆಯನ್ನು ಒಂದೇ ಸಂಸ್ಥಾನದಲ್ಲಿ ನಿಂತು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಅದಕ್ಕೆ ವರ್ಮಾಂಟ್ ಅನುಕೂಲವಾದದ್ದು. ದೇಶದ ಈಶಾನ್ಯ ಭಾಗದಲ್ಲಿರುವ ಆ ಗುಡ್ಡಗಾಡಿನ ನಾಡಿನ ಒಟ್ಟು ಜನಸಂಖ್ಯೆ ಆರೂವರೆ ಲಕ್ಷವನ್ನು ಅಷ್ಟಾಗಿ ಮೀರುವುದಿಲ್ಲ. ಹಸು ಸಾಕುವುದು, ಮೇಪಲ್ ಮರದ ರಸದಿಂದ ಪಾಕ ತೆಗೆಯುವುದು, ಚಳಿಗಾಲದಲ್ಲಿ ಹಿಮದ ಮೇಲೆ ಜಾರಲು ಬರುವ ಪ್ರವಾಸಿಗಳಿಗೆ ಆತಿಥ್ಯ ನೀಡುವುದು, ಇವು ಅಲ್ಲಿನ ಹಳ್ಳಿಗರ ಕಸುಬುಗಳು.

ಮೊದಲು ಅಲ್ಲಿ ಒಂದೊಂದು ಕೇರಿಗೂ ಒಂದೊಂದು ಶಾಲಾಜಿಲ್ಲೆಯಿತ್ತು. ೧೮೯೨ರ ಶಾಸನವು ಅವುಗಳನ್ನೆಲ್ಲ ರದ್ದುಮಾಡಿ ಊರಿಗೊಂದರಂತೆ ಜಿಲ್ಲೆಯನ್ನು ಏರ್ಪಡಿಸಿತು. ಇಲ್ಲಿ ಒಂದು ವಿಚಿತ್ರವನ್ನೂ ಹೇಳಬೇಕು. ಶಾಲೆಯೇ ಇಲ್ಲದ ಶಾಲಾಜಿಲ್ಲೆಗಳೂ ವರ್ಮಾಂಟಿನಲ್ಲುಂಟು. ತನ್ನಲ್ಲಿ ಶಾಲೆಯಿಲ್ಲದ ಊರು ತನ್ನ ಮಕ್ಕಳನ್ನು ಬೇರೆ ಕಡೆಯ ಶಾಲೆಗೆ ಕಳುಹಿಸಿ, ಅವರ ಫೀಜನ್ನು ತಾನೇ ತೆರುವ ಪದ್ಧತಿ ೧೮೬೯ರಿಂದ ನಡೆದುಬಂದಿದೆ. ಶಾಲೆಯ ಕಟ್ಟಡಕ್ಕಿಂತ ಮಕ್ಕಳ ಹೊಣೆಯೇ ಜಿಲ್ಲೆಯ ತಿರುಳೆಂಬುದು ಇದರಿಂದ ತಿಳಿದುಬರುತ್ತದೆ.

ಜಿಲ್ಲೆಯ ಆಡಳಿತಕ್ಕೆ ಜನರು ಆರಿಸಿದ ಒಂದು ಮಂಡಲಿಯಿರುತ್ತದೆ. ಚಿಕ್ಕ ಊರಿನಲ್ಲಿ ಮೂವರೋ ಐವರೋ ಸದಸ್ಯರು. ಇವರು ವಿದ್ಯಾಭ್ಯಾಸದಲ್ಲಿ ಪಂಡಿತರಾಗಿರಬೇಕೆಂಬ ನಿಯಮವಿಲ್ಲ. ಒಬ್ಬ ರೈತ, ಒಬ್ಬ ಅಂಗಡಿಯವ, ಮಕ್ಕಳ ತಾಯಿಯೊಬ್ಬಳು, ಹೀಗೆ ಊರಿನ ಯಾರು ಬೇಕಾದರೂ ನಿಲ್ಲಬಹುದು. ಇವರ ಸಭೆಗಳು ಬಾಗಿಲು ತೆರೆದೇ ನಡೆಯಬೇಕು. ಬಂದ ಜನರಿಗೆ ಮಾತನಾಡಲು ಅವಕಾಶ ಕೊಡಬೇಕು. ನಡೆದದ್ದರ ವರದಿಯನ್ನು ಐದು ದಿನಗಳೊಳಗಾಗಿ ಯಾರು ಕೇಳಿದರೂ ಸಿಕ್ಕುವಂತೆ ಮಾಡಬೇಕು. ನೌಕರರ ಖಾಸಗಿ ವಿಚಾರದಂತಹ ಕೆಲವು ಸಂದರ್ಭಗಳಲ್ಲಿ ಮಾತ್ರ ಗುಪ್ತ ಸಮಾಲೋಚನೆಗೆ ಅನುಮತಿಯುಂಟು.

ಮಂಡಲಿಯು ಧೋರಣೆಯನ್ನು ನಿಶ್ಚಯಿಸುತ್ತದೆಯೇ ಹೊರತು ಶಾಲೆಯ ದಿನದಿನದ ಕೆಲಸದಲ್ಲಿ ಕೈಹಾಕುವುದಿಲ್ಲ, ಹಾಕಬಾರದೆಂಬುದು ಸಂಪ್ರದಾಯ. ಅದಕ್ಕೆ ಸೂಪರಿಂಟೆಂಡೆಂಟ್ ಎಂಬ ಅಧಿಕಾರಿಯಿದ್ದಾನೆ. ಸಣ್ಣ ಊರೊಂದು ಇಂತಹ ಅಧಿಕಾರಿಗೆ ತಾನೊಂದೇ ಸಂಬಳ ಕೊಡಲಾರದು. ಆದುದರಿಂದ ಹಲವು ಊರುಗಳು ಒಂದು ಒಕ್ಕೂಟವಾಗಿ ಸೇರಿ ಒಬ್ಬನೇ ಸೂಪರಿಂಟೆಂಡೆಂಟನನ್ನು ನೇಮಿಸಿಕೊಳ್ಳುತ್ತವೆ. ಲೆಕ್ಕಪತ್ರ, ಪಾಠಕ್ರಮ, ಅಂಗವಿಕಲ ಮಕ್ಕಳ ವಿಶೇಷ ಶಿಕ್ಷಣ ಮೊದಲಾದುವು ಆ ಒಕ್ಕೂಟದ ಕಚೇರಿಯಿಂದಲೇ ನಡೆಯುತ್ತವೆ. ಇದು ಕೇವಲ ಅನುಕೂಲದ ಮಾತಲ್ಲ. ಅಂಗವೈಕಲ್ಯವುಳ್ಳ ಪ್ರತಿಯೊಂದು ಮಗುವಿಗೂ ತಕ್ಕ ಶಿಕ್ಷಣ ದೊರೆಯಬೇಕೆಂದು ೧೯೭೫ರ ಕೇಂದ್ರ ಶಾಸನ ವಿಧಿಸಿದೆ. ಮಾತು ಬಾರದ ಒಂದು ಮಗು ಶಾಲೆಗೆ ಸೇರಿತೆಂದರೆ, ಅದಕ್ಕೆ ಬೇಕಾದ ತಜ್ಞರನ್ನು ಜಿಲ್ಲೆ ಒದಗಿಸಲೇಬೇಕು. ನಮ್ಮ ಊರು ಚಿಕ್ಕದು ಎಂಬ ನೆಪ ನಡೆಯದು.

ಇನ್ನು ಹಣದ ವಿಚಾರ. ಚಳಿಗಾಲದಲ್ಲಿ ಸೂಪರಿಂಟೆಂಡೆಂಟನೂ ಮಂಡಲಿಯೂ ಕುಳಿತು ಬರುವ ವರ್ಷದ ಬಡ್ಜೆಟ್ಟನ್ನು ಸಿದ್ಧಪಡಿಸುತ್ತಾರೆ. ಉಪಾಧ್ಯಾಯರ ಸಂಬಳ, ಅವರ ಆರೋಗ್ಯವಿಮೆ, ಮಕ್ಕಳನ್ನು ಕರೆತರುವ ಬಸ್ಸು, ಕಟ್ಟಡವನ್ನು ಬೆಚ್ಚಗಿಡುವ ಇಂಧನ, ಮಧ್ಯಾಹ್ನದ ಊಟ, ಎಲ್ಲವೂ ಅದರಲ್ಲಿ ಬರುತ್ತವೆ. ಮತದಾನಕ್ಕೆ ಕನಿಷ್ಠ ೩೦ ದಿನ ಮುಂಚೆ ತಿಳಿವಳಿಕೆಯ ಪತ್ರವನ್ನು ಊರಿನಲ್ಲಿ ಅಂಟಿಸಬೇಕು. ಮಾರ್ಚಿ ತಿಂಗಳ ಮೊದಲನೆಯ ಮಂಗಳವಾರ ವರ್ಮಾಂಟಿನಲ್ಲೆಲ್ಲ ಊರಸಭೆಯ ದಿನ. ಕೆಲವು ಊರುಗಳಲ್ಲಿ ಜನರು ಒಂದು ಸಭಾಂಗಣದಲ್ಲಿ ನೆರೆದು, ಬಡ್ಜೆಟ್ಟಿನ ಬಾಬುಗಳನ್ನು ಪ್ರಶ್ನಿಸಿ, ಮೊತ್ತವನ್ನು ಅಲ್ಲಿಯೇ ತಿದ್ದಿ, ಕೈಯೆತ್ತಿ ಒಪ್ಪಿಗೆ ಕೊಡುತ್ತಾರೆ. ಬೇರೆ ಅನೇಕ ಕಡೆಗಳಲ್ಲಿ ಗುಪ್ತ ಮತಪತ್ರದ ಪದ್ಧತಿ ಬಂದಿದೆ. ಬಡ್ಜೆಟ್ಟು ಸೋತರೆ ಮಂಡಲಿಯವರು ಅದನ್ನು ಕತ್ತರಿಸಿ ಪುನಃ ಜನರ ಮುಂದಿಡಬೇಕು. ೨೦೨೪ರ ಮಾರ್ಚಿಯಲ್ಲಿ ತೆರಿಗೆಯ ಏರಿಕೆಗೆ ಬೇಸತ್ತ ಜನರು ಆ ಸಂಸ್ಥಾನದ ಶಾಲಾ ಬಡ್ಜೆಟ್ಟುಗಳಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಮೊದಲ ಮತದಾನದಲ್ಲಿಯೇ ತಿರಸ್ಕರಿಸಿದರು. ಜನರ ಕೈಯಲ್ಲಿರುವ ಅಧಿಕಾರ ಹೆಸರಿಗೆ ಮಾತ್ರವಲ್ಲವೆಂಬುದಕ್ಕೆ ಇಷ್ಟು ಸಾಕು.

ಈ ಏರ್ಪಾಡು ನೋಡುವುದಕ್ಕೆ ಸೊಗಸಾಗಿದೆ. ಆದರೆ ಇದರಲ್ಲಿ ಒಂದು ಅನ್ಯಾಯವು ಬಹುಕಾಲ ಅಡಗಿತ್ತು. ಶಾಲೆಯ ವೆಚ್ಚದ ಬಹುಭಾಗ ಬರುತ್ತಿದ್ದುದು ಊರಿನ ಮನೆ ಹೊಲಗಳ ಮೇಲಿನ ತೆರಿಗೆಯಿಂದ. ನೂರು ನೂರು ಮಕ್ಕಳಿರುವ ಎರಡು ಊರುಗಳನ್ನು ಊಹಿಸಿಕೊಳ್ಳೋಣ. ಎರಡಕ್ಕೂ ಹತ್ತು ಲಕ್ಷ ಡಾಲರು ಬೇಕು. ಪ್ರವಾಸಿಗಳ ಹೋಟೆಲುಗಳಿರುವ ಒಂದು ಊರಿನ ಆಸ್ತಿಯ ಬೆಲೆ ಇಪ್ಪತ್ತು ಕೋಟಿ. ಬರಿಯ ಹುಲ್ಲುಗಾವಲಿರುವ ಇನ್ನೊಂದರದು ಎರಡು ಕೋಟಿ. ಮೊದಲನೆಯ ಊರಿನವನು ನೂರು ಡಾಲರಿನ ಆಸ್ತಿಗೆ ಅರ್ಧ ಡಾಲರು ತೆತ್ತರೆ, ಎರಡನೆಯವನು ಐದು ಡಾಲರು ತೆರಬೇಕು. ಬಡವನು ಹತ್ತರಷ್ಟು ತೆತ್ತೂ ಸಿರಿವಂತನ ಮಗುವಿಗೆ ಸಿಕ್ಕಷ್ಟೇ ತನ್ನ ಮಗುವಿಗೂ ಪಡೆಯಬೇಕು. ಅಷ್ಟು ತೆರಲಾರದಿದ್ದರೆ ಅವನ ಮಗುವಿನ ಪಾಠವೇ ಕಡಿಮೆಯಾಗಬೇಕು.

೧೯೯೭ರಲ್ಲಿ ಬ್ರಿಗಮ್ ಮೊಕದ್ದಮೆಯಲ್ಲಿ ವರ್ಮಾಂಟಿನ ಸುಪ್ರೀಂ ಕೋರ್ಟು ಈ ಕ್ರಮವು ಆ ಸಂಸ್ಥಾನದ ರಾಜ್ಯಾಂಗಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಅದೇ ವರ್ಷ ಶಾಸನಸಭೆಯು ಹೊಸ ಕಾನೂನನ್ನು ಮಾಡಿ, ಶಾಲೆಯ ತೆರಿಗೆಯನ್ನು ಇಡೀ ಸಂಸ್ಥಾನಕ್ಕೆ ಸೇರಿದ್ದನ್ನಾಗಿ ಮಾಡಿತು. ಅದರ ತತ್ತ್ವವಿಷ್ಟೆ: ಪ್ರತಿ ಶಿಷ್ಯನಿಗೂ ಸಮನಾಗಿ ಖರ್ಚುಮಾಡುವ ಎರಡು ಊರುಗಳು, ಅವುಗಳ ಸಂಪತ್ತು ಎಷ್ಟೇ ಇರಲಿ, ಸಮನಾದ ದರದಲ್ಲಿಯೇ ತೆರಿಗೆ ಕೊಡತಕ್ಕದ್ದು. ಎಷ್ಟು ಖರ್ಚುಮಾಡಬೇಕೆಂಬ ನಿರ್ಧಾರ ಮಾತ್ರ ಊರಿಗೇ ಉಳಿಯಿತು. ಸಿರಿವಂತ ಊರುಗಳಿಗೆ ಇದು ಹಿಡಿಸಲಿಲ್ಲ. ಹಿಮಕ್ರೀಡೆಗೆ ಹೆಸರಾದ ಕಿಲ್ಲಿಂಗ್‌ಟನ್ ಎಂಬ ಊರು ೨೦೦೪ರ ಊರಸಭೆಯಲ್ಲಿ ವರ್ಮಾಂಟನ್ನೇ ಬಿಟ್ಟು ನ್ಯೂ ಹ್ಯಾಂಪ್‌ಷೈರಿಗೆ ಸೇರಬೇಕೆಂದು ಮತ ಹಾಕಿತು! ಅದು ಸಾಧ್ಯವಾಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಹಣದ ಸಮಸ್ಯೆ ಒಂದಿಷ್ಟು ತಿಳಿಯಾಗುವುದರೊಳಗೆ ಮಕ್ಕಳ ಸಮಸ್ಯೆ ತಲೆಯೆತ್ತಿತು. ಹಳ್ಳಿಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತ ಬಂದಿತು. ಉಪಾಧ್ಯಾಯರೂ ಕಟ್ಟಡವೂ ಮಾತ್ರ ಮೊದಲಿನಂತೆಯೇ ಬೇಕು. ೨೦೧೫ರ ಶಾಸನವು ಸಣ್ಣ ಜಿಲ್ಲೆಗಳು ಒಂದುಗೂಡಬೇಕೆಂದು ಪ್ರೋತ್ಸಾಹಿಸಿತು. ಒಪ್ಪದಿದ್ದ ಹಲವು ಜಿಲ್ಲೆಗಳನ್ನು ೨೦೧೮ರಲ್ಲಿ ಸಂಸ್ಥಾನದ ಶಿಕ್ಷಣ ಮಂಡಲಿ ಆಜ್ಞೆಯ ಮೂಲಕವೇ ಕೂಡಿಸಿತು. ೨೦೨೫ರಲ್ಲಿ ಬಂದ ಮತ್ತೊಂದು ಕಾನೂನು ಇನ್ನೂ ದೊಡ್ಡ ಜಿಲ್ಲೆಗಳ ಕಡೆಗೂ, ಶಿಷ್ಯನೊಬ್ಬನಿಗೆ ಇಷ್ಟು ಹಣವೆಂದು ಸಂಸ್ಥಾನವೇ ಗೊತ್ತುಮಾಡುವ ಕ್ರಮದ ಕಡೆಗೂ ಮುಖಮಾಡಿದೆ.

ಕೂಡುವುದರ ನೋವು ಏನೆಂಬುದಕ್ಕೆ ರಿಪ್ಟನ್ ಎಂಬ ಊರು ನಿದರ್ಶನ. ಕವಿ ರಾಬರ್ಟ್ ಫ್ರಾಸ್ಟ್ ಅನೇಕ ಬೇಸಗೆಗಳನ್ನು ಕಳೆದ ಈ ಊರಿನಲ್ಲಿ ಇರುವುದು ಸುಮಾರು ಏಳುನೂರು ಜನ. ನೆರೆಯ ಊರುಗಳೊಡನೆ ಸೇರಿ ಆದ ದೊಡ್ಡ ಜಿಲ್ಲೆಯು ಸಣ್ಣ ಶಾಲೆಗಳನ್ನು ಮುಚ್ಚುವ ಆಲೋಚನೆ ಮಾಡಿದಾಗ, ರಿಪ್ಟನ್ನಿನ ಜನ ೨೦೨೧ರಲ್ಲಿ ಆ ಜಿಲ್ಲೆಯಿಂದ ಹೊರಬರಲು ಮತ ಹಾಕಿದರು. ಹೊರಬರುವುದು ಸುಲಭ, ನಿಲ್ಲುವುದು ಕಷ್ಟ. ಸೂಪರಿಂಟೆಂಡೆಂಟ್, ಬಸ್ಸು, ವಿಶೇಷ ಶಿಕ್ಷಣ, ಇವುಗಳನ್ನೆಲ್ಲ ಅಷ್ಟು ಚಿಕ್ಕ ಊರು ಒಂಟಿಯಾಗಿ ಒದಗಿಸಿಕೊಳ್ಳುವುದು ಹೇಗೆ? ೨೦೨೨ರಲ್ಲಿ ಅದೇ ಜನ ಮತ್ತೆ ಮತ ಹಾಕಿ ದೊಡ್ಡ ಜಿಲ್ಲೆಗೇ ಹಿಂತಿರುಗಿದರು. ಅವರನ್ನು ಚಂಚಲರೆಂದು ನಗುವುದು ಸರಿಯಲ್ಲ. ಊರಿನ ಶಾಲೆ ಮುಚ್ಚಿದರೆ ಆರು ವರ್ಷದ ಮಗು ಹಿಮದ ದಾರಿಯಲ್ಲಿ ಬೆಟ್ಟವಿಳಿದು ಬಹುದೂರ ಹೋಗಬೇಕು. ಎಳೆಯ ಸಂಸಾರಗಳು ಆ ಊರಿಗೆ ಬರುವುದು ನಿಂತುಹೋಗುತ್ತದೆ. ಆದರೆ ಆ ಮಗುವಿಗೆ ಬೇಕಾದ ತಜ್ಞರಾಗಲಿ, ವಾಹನವಾಗಲಿ ಊರಿನಲ್ಲಿ ದೊರೆಯದಿದ್ದರೆ ಶಾಲೆಯನ್ನು ಉಳಿಸಿಕೊಂಡೂ ಪ್ರಯೋಜನವಿಲ್ಲ. ಈ ಎರಡು ನಿಜಗಳ ನಡುವೆ ಆ ಜನ ಸಿಕ್ಕಿಕೊಂಡರು.

ಇದರಿಂದ ನಾವು ತಿಳಿಯಬೇಕಾದುದು ಒಂದಿದೆ. ಕರ್ಣಾಟಕದಲ್ಲಿ ೨೦೦೧ರಿಂದ ಸರ್ಕಾರಿ ಶಾಲೆಗಳಿಗೆ ತಂದೆತಾಯಿಗಳ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಅವು ಉಪಾಧ್ಯಾಯರನ್ನು ಖಾಯಂ ನೇಮಿಸಲಾರವು, ತೆರಿಗೆ ಹಾಕಲಾರವು. ವರ್ಮಾಂಟಿನ ಊರಿಗೆ ಆ ಅಧಿಕಾರವೆಲ್ಲ ಇತ್ತು. ಆದರೂ ಹಣವಿಲ್ಲದ ಊರಿಗೆ ಅದು ಬರಿಯ ಭಾರವಾಯಿತು. ಅಧಿಕಾರವಿಲ್ಲದ ಸಮಿತಿ ಸೊರಗುತ್ತದೆ. ಆಧಾರವಿಲ್ಲದ ಅಧಿಕಾರ ಕುಸಿಯುತ್ತದೆ. ಹಣದ ಹೊರೆಯನ್ನು ನಾಡೆಲ್ಲ ಸಮನಾಗಿ ಹೊತ್ತು, ತಜ್ಞರ ನೆರವನ್ನು ನೆರೆಯೂರುಗಳು ಹಂಚಿಕೊಂಡು, ಶಾಲೆ ಹೇಗೆ ನಡೆಯಬೇಕೆಂಬ ತೀರ್ಮಾನವನ್ನು ಮಾತ್ರ ಆ ಮಕ್ಕಳನ್ನು ಹೆಸರು ಹಿಡಿದು ಕರೆಯಬಲ್ಲ ಜನರಿಗೆ ಬಿಡುವುದು, ಇದೇ ಮಧ್ಯಮಾರ್ಗ. ವರ್ಮಾಂಟಿನವರು ಈ ದಾರಿಯನ್ನು ಹುಡುಕುತ್ತ ತಪ್ಪಿದ್ದಾರೆ, ತಿದ್ದಿಕೊಂಡಿದ್ದಾರೆ, ಈಗಲೂ ಜಗಳವಾಡುತ್ತಿದ್ದಾರೆ. ಒಂದು ಊರು ತನ್ನ ಶಾಲೆಗಾಗಿ ಜಗಳವಾಡುತ್ತಿರುವವರೆಗೆ ಆ ಊರಿನ ಮಕ್ಕಳಿಗೆ ದಿಕ್ಕಿಲ್ಲವೆಂದು ಹೇಳುವ ಹಾಗಿಲ್ಲ.