ಹ್ಯಾಂಬರ್ಗ್‌ನ ಚೌಕದಲ್ಲಿ ಒಂದು ಜಗಳ
ಜರ್ಮನಿಯ ಹ್ಯಾಂಬರ್ಗ್. ಈ ಚೌಕದ ನೆಲದಲ್ಲಿ ಕಲ್ಲಿನ ಗೆರೆಗಳು ಕಾಣ್ತಿವೆಯಾ? 1906ರಲ್ಲಿ ಇಲ್ಲಿ ಕಟ್ಟಿದ್ದ ಬೋರ್ನ್‌ಪ್ಲಾಟ್ಸ್ ಸಿನಗಾಗ್‌ನ, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರದ ಚಾವಣಿಯ ನಕ್ಷೆ ಅದು. 1938ರ ನವೆಂಬರ್‌ನಲ್ಲಿ ನಾಜಿಗಳು ಅದನ್ನ ಹಾಳುಗೆಡವಿದ್ರು. ಮರುವರ್ಷ ಜಾಗವನ್ನೂ ಬಲವಂತವಾಗಿ ಮಾರಿಸಿ, ಕಟ್ಟಡ ನೆಲಸಮ ಮಾಡಿಸಿದ್ರು.

1988ರಲ್ಲಿ ಈ ಗೆರೆಗಳನ್ನ ಮೂಡಿಸಿದ್ದು ಕಲಾವಿದೆ ಮಾರ್ಗ್ರಿಟ್ ಕಾಲ್.

2019ರಲ್ಲಿ ಜರ್ಮನಿಯದೇ ಹಾಲೆ ನಗರದ ಸಿನಗಾಗ್ ಮೇಲೆ ದಾಳಿಯಾಯ್ತು. ಆಮೇಲೆ ಹ್ಯಾಂಬರ್ಗ್‌ನಲ್ಲಿ ಕೂಗೆದ್ದಿತು: ಇಲ್ಲೇ ಮತ್ತೆ ಕಟ್ಟಿ!

ಬೇಡ ಅಂದವರಲ್ಲಿ ಯಹೂದಿ ಇತಿಹಾಸಕಾರರೂ ಇದ್ರು. ಹಳೇದರ ನಕಲು ಎದ್ದರೆ, ನಡೆದ ಪಾತಕವೇ ಕಣ್ಮರೆಯಾಗುತ್ತೆ ಅನ್ನೋದು ಅವರ ವಾದ. ಆದ್ರೆ ಹ್ಯಾಂಬರ್ಗ್‌ನ ಯಹೂದಿ ಸಮುದಾಯ ಕೇಳಿದ್ದು ಎಲ್ಲರಿಗೂ ಕಾಣುವ ಜಾಗ. ನನಗಂತೂ ಸಮುದಾಯದ ಮಾತೇ ತೂಕದ್ದು. ಅಲ್ಲಿ ಪ್ರಾರ್ಥನೆ ಮಾಡುವವರು ಅವರೇ ತಾನೆ! ತೊಡಕು ಇಷ್ಟೇ: ಪಾಯ ತೋಡಬೇಕಾದರೆ ಈ ಗೆರೆಗಳನ್ನ ಕೀಳಲೇಬೇಕು.